ಆಲೆಮನೆ ಅಂಗಳದ ಎಣ್ಣೆ ಮಣ್ಣು: ಹುಲ್ಲು ಬೆಳೆಸಿ ಸರಿಪಡಿಸುವ ಬಗೆ

ಡೀಸೆಲ್ ಎಂಜಿನ್ ಇಟ್ಟು ಗಾಣ ಓಡಿಸಿದ ಹಳೆಯ ಆಲೆಮನೆಗಳ ಅಂಗಳದಲ್ಲಿ, ಟ್ರ್ಯಾಕ್ಟರ್, ಪವರ್ ಟಿಲ್ಲರ್ ರಿಪೇರಿ ಮಾಡುವ ಶೆಡ್ಡುಗಳ ಮುಂದೆ, ನೀರೆತ್ತುವ ಪಂಪು ವರ್ಷಗಟ್ಟಲೆ ನಿಂತಿದ್ದ ದಂಡೆಯ ಮೇಲೆ ಒಂದು ಬಗೆಯ ನೆಲ ಇರುತ್ತದೆ. ಬಣ್ಣ ಕಪ್ಪು, ಮುಟ್ಟಿದರೆ ಜಿಡ್ಡು. ಮಳೆ ಬಿದ್ದರೆ ನೀರು ಇಂಗದೆ ಮೇಲೆಯೇ ಜಾರಿ ಹೋಗುತ್ತದೆ. ಸುತ್ತಲೂ ಗರಿಕೆ ಹಬ್ಬಿದ್ದರೂ ಆ ಜಾಗ ಮಾತ್ರ ಬೋಳು. ಮಂಡ್ಯ, ಪಾಂಡವಪುರ, ಮದ್ದೂರಿನ ಕಡೆಯವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಆಲೆಮನೆ ನಿಂತುಹೋಗಿ, ಆ ಜಾಗವನ್ನು ತೋಟಕ್ಕೋ ಹಿತ್ತಲಿಗೋ ಸೇರಿಸಿಕೊಳ್ಳಲು ಹೊರಟಾಗ ತೊಡಕು ಶುರುವಾಗುತ್ತದೆ.

ಸಾಮಾನ್ಯವಾಗಿ ಮಾಡುವ ಉಪಾಯವೆಂದರೆ ಒಂದೆರಡು ಲೋಡು ಕೆಂಪು ಮಣ್ಣು ಹೊಡೆಸಿ ಮುಚ್ಚಿಬಿಡುವುದು. ಮುಚ್ಚಿದ ಎಣ್ಣೆಗೆ ಗಾಳಿ ಸಿಗುವುದಿಲ್ಲ, ಗಾಳಿ ಸಿಗದ ಎಣ್ಣೆ ಬೇಗ ಕೊಳೆಯುವುದಿಲ್ಲ. ಬೇರು ಅಲ್ಲಿಗೆ ಮುಟ್ಟಿದ ದಿನ ಗಿಡ ಹಳದಿಯಾಗುತ್ತದೆ. ಇದಕ್ಕಿಂತ ಹುಲ್ಲು ಬೆಳೆಸುವ ದಾರಿ ನಿಧಾನವಾದರೂ ಖರ್ಚು ಕಡಿಮೆ. ಆದರೆ ಎಲ್ಲ ಎಣ್ಣೆಗೂ, ಎಲ್ಲ ಜಾಗಕ್ಕೂ ಅದು ಹೊಂದುವುದಿಲ್ಲ. ಆ ಮಾತನ್ನೂ ಮುಂದೆ ಹೇಳುತ್ತೇನೆ.

ಕೆಲಸ ಮಾಡುವವರು ಯಾರು

ಗಿಡ ಎಣ್ಣೆಯನ್ನು ಹೀರಿ ಎಲೆಗೆ ಏರಿಸಿಕೊಂಡು ಮಣ್ಣನ್ನು ಶುದ್ಧ ಮಾಡುತ್ತದೆ ಎಂದು ಹಲವರು ತಿಳಿದಿದ್ದಾರೆ. ಡೀಸೆಲ್, ಎಂಜಿನ್ ಆಯಿಲ್‌ಗಳ ಮಟ್ಟಿಗೆ ಗಿಡ ಹೀರುವುದು ಅತ್ಯಲ್ಪ. ಎಣ್ಣೆಯನ್ನು ತಿಂದು ಇಂಗಾಲದ ಡೈಆಕ್ಸೈಡ್ ಮತ್ತು ನೀರಾಗಿ ಒಡೆಯುವುದು ಮಣ್ಣಿನ ಬ್ಯಾಕ್ಟೀರಿಯಾ ಮತ್ತು ಶಿಲೀಂಧ್ರಗಳು. ಬೇರು ಅವುಗಳಿಗೆ ಮನೆ ಕಟ್ಟಿಕೊಡುತ್ತದೆ: ಸಕ್ಕರೆ, ಆಮ್ಲಗಳನ್ನು ಒಸರುತ್ತದೆ, ಗಟ್ಟಿ ನೆಲವನ್ನು ಸೀಳಿ ಗಾಳಿ ಇಳಿಯಲು ದಾರಿ ಮಾಡುತ್ತದೆ, ತೇವ ಹಿಡಿದಿಡುತ್ತದೆ. ಬೇರಿಗೆ ಅಂಟಿದ ಮಣ್ಣಿನಲ್ಲಿ ಇರುವಷ್ಟು ಸೂಕ್ಷ್ಮಜೀವಿಗಳು ದೂರದ ಬರಿ ಮಣ್ಣಿನಲ್ಲಿ ಇರುವುದಿಲ್ಲ. ಹಾಗಾಗಿ ನಾವು ಹುಲ್ಲಿನ ಆರೈಕೆಗಿಂತ ಮಣ್ಣಿನ ಜೀವಿಗಳ ಆರೈಕೆ ಮಾಡುತ್ತಿದ್ದೇವೆ ಎಂದುಕೊಂಡರೆ ಮುಂದಿನ ಹಂತಗಳೆಲ್ಲ ತಾವಾಗಿಯೇ ಅರ್ಥವಾಗುತ್ತವೆ.

ಎಣ್ಣೆ ತಿನ್ನುವ ಬ್ಯಾಕ್ಟೀರಿಯಾ ಎಂದಾಗ ವಿಜ್ಞಾನಿ ಆನಂದ ಮೋಹನ ಚಕ್ರವರ್ತಿಯವರ ಹೆಸರು ನೆನಪಾಗುವುದುಂಟು. ಅವರು ರೂಪಿಸಿದ ಬ್ಯಾಕ್ಟೀರಿಯಾಕ್ಕೆ ಪೇಟೆಂಟ್ ಸಿಗಬಹುದೆಂದು 1980ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಹೇಳಿದ್ದು ದೊಡ್ಡ ಸುದ್ದಿಯಾಗಿತ್ತು. ಆದರೆ 1989ರಲ್ಲಿ ಅಲಾಸ್ಕದ ಕಡಲ ತೀರದಲ್ಲಿ ಎಕ್ಸಾನ್ ವಾಲ್ಡೀಜ್ ಹಡಗಿನ ಎಣ್ಣೆ ಚೆಲ್ಲಿದಾಗ ಅಲ್ಲಿನವರು ನೆಚ್ಚಿದ್ದು ಗೊಬ್ಬರವನ್ನು. ಕಲ್ಲು ಮರಳಿನ ಮೇಲೆ ಸಾರಜನಕ, ರಂಜಕ ಸಿಂಪಡಿಸಿ, ಅಲ್ಲೇ ಇದ್ದ ಜೀವಿಗಳು ಬೇಗ ತಿನ್ನುವಂತೆ ಮಾಡಿದರು. ನಮ್ಮ ದೇಶದಲ್ಲಿ ಟೆರಿ ಎಂಬ ಇಂಧನ, ಪರಿಸರ ಸಂಶೋಧನಾ ಸಂಸ್ಥೆ ರೂಪಿಸಿದ ‘ಆಯಿಲ್‌ಜಾಪರ್’ ಎಂಬ ಬ್ಯಾಕ್ಟೀರಿಯಾ ಮಿಶ್ರಣವಿದೆ. ಅದು ತೈಲ ಕಂಪನಿಗಳ ಕೆಸರಿನಂಥ ದೊಡ್ಡ ಕೆಲಸಕ್ಕೆ. ಆಲೆಮನೆಯ ಅಂಗಳದಲ್ಲಿ ವರ್ಷಗಳಿಂದ ಎಣ್ಣೆ ಕುಡಿಯುತ್ತ ಬಂದ ಮಣ್ಣಿನಲ್ಲಿ ಅದನ್ನು ತಿನ್ನುವ ಜೀವಿಗಳು ಆಗಲೇ ಇರುತ್ತವೆ. ಅವು ಉಪವಾಸ ಇವೆ, ಅಷ್ಟೇ. ಪೊಟ್ಟಣದ ಬ್ಯಾಕ್ಟೀರಿಯಾಕ್ಕೆ ದುಡ್ಡು ಸುರಿಯುವ ಮೊದಲು ಒಂದು ಗಾಡಿ ಒಳ್ಳೆಯ ತಿಪ್ಪೆಗೊಬ್ಬರ ಹಾಕಿ ನೋಡಿ.

ಯಾವ ಎಣ್ಣೆ, ಎಷ್ಟು ಆಳ

ಪೆಟ್ರೋಲ್ ಬಹುಪಾಲು ಆವಿಯಾಗಿ ಹೋಗುತ್ತದೆ. ಅದರ ಭಯ ಬೆಂಕಿಯದು ಮತ್ತು ಬಾವಿಗೆ ಇಳಿಯುವುದು. ಡೀಸೆಲ್ ಮತ್ತು ಸೀಮೆಎಣ್ಣೆ ಹುಲ್ಲಿನ ಮದ್ದಿಗೆ ಚೆನ್ನಾಗಿ ಬಗ್ಗುತ್ತವೆ. ಎಂಜಿನ್ ಆಯಿಲ್ ಮೊಂಡು. ಅದರಲ್ಲೂ ಸುಟ್ಟ ಆಯಿಲ್‌ನಲ್ಲಿ ಸುಲಭಕ್ಕೆ ಒಡೆಯದ ಉಂಗುರದ ರಚನೆಯ ರಾಸಾಯನಿಕಗಳ ಜೊತೆ ಸತು ಇರುತ್ತದೆ, ಎಂಜಿನ್ ಸವೆದ ಲೋಹದ ಪುಡಿ ಇರುತ್ತದೆ. 2000ಕ್ಕೆ ಮೊದಲು ಪೆಟ್ರೋಲ್‌ನಲ್ಲಿ ಸೀಸ ಬೆರೆಸುತ್ತಿದ್ದ ಕಾಲದ ಗ್ಯಾರೇಜ್ ಜಾಗವಾದರೆ ಸೀಸವೂ ಇರಬಹುದು. ಲೋಹವನ್ನು ಯಾವ ಬ್ಯಾಕ್ಟೀರಿಯಾವೂ ತಿಂದು ಇಲ್ಲವಾಗಿಸಲಾರದು. ಎಣ್ಣೆ ಹೋದ ಮೇಲೂ ಅದು ಮಣ್ಣಿನಲ್ಲೇ ಉಳಿಯುತ್ತದೆ.

ಗೆದ್ದಲು ಬರದಿರಲೆಂದು ಬೇಲಿಯ ಕಂಬದ ಬುಡಕ್ಕೆ, ದನದ ಕೊಟ್ಟಿಗೆಯ ತೊಲೆಗೆ ಸುಟ್ಟ ಆಯಿಲ್ ಹಚ್ಚುವ ರೂಢಿ ನಮ್ಮಲ್ಲಿ ಇನ್ನೂ ಇದೆ. ಅದನ್ನು ನಿಲ್ಲಿಸದೆ ಈ ಲೇಖನ ಓದಿ ಪ್ರಯೋಜನವಿಲ್ಲ.

ಹಾರೆ ಹಿಡಿದು ಕಪ್ಪು ಜಾಗದ ನಡುವೆ ಒಂದು, ಅಂಚಿನಲ್ಲಿ ನಾಲ್ಕು ಕಡೆ ಗುಂಡಿ ತೋಡಿ. ಕಪ್ಪು ಬಣ್ಣ, ವಾಸನೆ ಎಲ್ಲಿಗೆ ನಿಲ್ಲುತ್ತದೆ ನೋಡಿ. ಒಂದೂವರೆ ಅಡಿಯೊಳಗೆ ನಿಂತರೆ ಹುಲ್ಲಿನ ಕೆಲಸ. ಅದಕ್ಕೂ ಕೆಳಗೆ ಹೋಗಿದ್ದರೆ ಲಾವಂಚದ ಬೇರು ಮುಟ್ಟಬಹುದು, ಆದರೆ ಗಾಳಿ ಮುಟ್ಟುವುದು ಕಷ್ಟ.

ಒಂದು ಹಿಡಿ ಮಣ್ಣನ್ನು ಗಾಜಿನ ಸೀಸೆಯಲ್ಲಿ ನೀರು ಹಾಕಿ ಕುಲುಕಿ ಬಿಟ್ಟರೆ ಮೇಲೆ ಬಣ್ಣಬಣ್ಣದ ಪದರ ತೇಲುತ್ತದೆ. ಕಡ್ಡಿಯಿಂದ ಆ ಪದರವನ್ನು ಸೀಳಿ ನೋಡಿ. ಸೀಳಿದ್ದು ಮತ್ತೆ ಕೂಡಿಕೊಂಡರೆ ಎಣ್ಣೆ. ಚೂರುಚೂರಾಗಿ ಒಡೆದು ಹಾಗೇ ನಿಂತರೆ ಅದು ಕಬ್ಬಿಣದ ಬ್ಯಾಕ್ಟೀರಿಯಾದ ಕೆನೆ. ಗದ್ದೆ ಬಯಲಿನಲ್ಲಿ, ನಾಲೆಯ ಜವುಳು ಜಾಗದಲ್ಲಿ ಇಂಥ ಕೆನೆ ತಾನಾಗಿಯೇ ಕಟ್ಟುತ್ತದೆ. ಅದನ್ನು ನೋಡಿ ಎಣ್ಣೆ ಎಂದು ಗಾಬರಿಯಾಗಬೇಕಿಲ್ಲ.

ಮೂರನೆಯ ಪರೀಕ್ಷೆಯೇ ಎಲ್ಲಕ್ಕಿಂತ ಉಪಯುಕ್ತ. ಒಂದು ಕುಂಡದಲ್ಲಿ ಎಣ್ಣೆ ಮಣ್ಣು, ಇನ್ನೊಂದರಲ್ಲಿ ಪಕ್ಕದ ಒಳ್ಳೆಯ ಮಣ್ಣು ತುಂಬಿ ಎರಡಕ್ಕೂ ಇಪ್ಪತ್ತಿಪ್ಪತ್ತು ಮುಸುಕಿನ ಜೋಳದ ಕಾಳು ಊರಿ. ಹತ್ತು ದಿನದ ಹೊತ್ತಿಗೆ ಮೊಳಕೆಗಳನ್ನು ಎಣಿಸಿ, ಒಂದೆರಡನ್ನು ಕಿತ್ತು ಬೇರಿನ ಉದ್ದ ಹೋಲಿಸಿ. ಎಣ್ಣೆ ಮಣ್ಣಿನಲ್ಲಿ ಅರ್ಧಕ್ಕಿಂತ ಹೆಚ್ಚು ಹುಟ್ಟಿದರೆ ನೇರ ನಾಟಿಗೆ ಹೋಗಬಹುದು. ಅರ್ಧವೂ ಹುಟ್ಟದಿದ್ದರೆ ಮೊದಲು ಗೊಬ್ಬರ ಬೆರೆಸಿ ತಿಂಗಳೆರಡು ತಿಂಗಳು ತಿರುವಿ ಹಾಕಬೇಕು. ಒಂದೂ ಹುಟ್ಟದಿದ್ದರೆ ಮೇಲಿನ ಗಾಢ ಪದರವನ್ನು ತೆಗೆಯದೆ ಬೇರೆ ದಾರಿಯಿಲ್ಲ.

ರೈತರಿಗೆ ಕೊಡುವ ಮಣ್ಣು ಆರೋಗ್ಯ ಚೀಟಿಯನ್ನು ಇಲ್ಲಿ ನಂಬಬೇಡಿ. ಅದು ಎಣ್ಣೆಯನ್ನು ಅಳೆಯುವುದಿಲ್ಲ. ಅದಲ್ಲದೆ ಎಣ್ಣೆಯ ಇಂಗಾಲವೂ ಲೆಕ್ಕಕ್ಕೆ ಸೇರಿ ‘ಸಾವಯವ ಇಂಗಾಲ: ಅಧಿಕ’ ಎಂದು ಬಂದುಬಿಡಬಹುದು! ರಸಸಾರ (ಪಿಎಚ್) ಮತ್ತು ಸತು ತಿಳಿಯುವುದಕ್ಕೆ ಮಾತ್ರ ಅದು ಒಳ್ಳೆಯದು. ಎಣ್ಣೆಯ ಪ್ರಮಾಣ ತಿಳಿಯಬೇಕಾದರೆ ಪರಿಸರ ಪ್ರಯೋಗಾಲಯದಲ್ಲಿ ‘ಒಟ್ಟು ಪೆಟ್ರೋಲಿಯಂ ಹೈಡ್ರೋಕಾರ್ಬನ್’ ಪರೀಕ್ಷೆಯನ್ನು ಹೆಸರಿಟ್ಟು ಕೇಳಬೇಕು. ಅಂದಾಜಿಗೆ ಒಂದು ಅಂಕಿ: ನೆದರ್ಲೆಂಡ್ಸ್‌ನಲ್ಲಿ ಕಿಲೋ ಮಣ್ಣಿಗೆ 5,000 ಮಿಲಿಗ್ರಾಂ ಖನಿಜ ತೈಲ ದಾಟಿದರೆ ಶುದ್ಧೀಕರಣದ ಮಾತು ಬರುತ್ತದೆ.

ಹುಲ್ಲಿನ ಮದ್ದು ಸಲ್ಲದ ಜಾಗಗಳು

ಪೆಟ್ರೋಲ್ ಬಂಕಿನ ನೆಲದಡಿಯ ಟ್ಯಾಂಕ್ ಸೋರಿದ್ದರೆ, ಬೆಂಗಳೂರು–ಮೈಸೂರು ಹೆದ್ದಾರಿಯ ಪಕ್ಕ ಟ್ಯಾಂಕರ್ ಮಗುಚಿ ಹೊಲಕ್ಕೆ ನುಗ್ಗಿದ್ದರೆ, ಬಾವಿ ಅಥವಾ ಬೋರ್‌ವೆಲ್ ನೀರಿಗೆ ವಾಸನೆ ಬಂದಿದ್ದರೆ ಗುದ್ದಲಿ ಕೆಳಗಿಡಿ. ಅದು ಅಗ್ನಿಶಾಮಕ ದಳ, ಜಿಲ್ಲಾಡಳಿತ ಮತ್ತು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಕೆಲಸ. ಟ್ರಾನ್ಸ್‌ಫಾರ್ಮರ್‌ನಿಂದ ಸುರಿದ ಎಣ್ಣೆಯನ್ನೂ ಮುಟ್ಟಬೇಡಿ. ಬಹಳ ಹಳೆಯ ಟ್ರಾನ್ಸ್‌ಫಾರ್ಮರ್ ಎಣ್ಣೆಯಲ್ಲಿ ಪಿಸಿಬಿ ಎಂಬ ಅಪಾಯಕಾರಿ ವಸ್ತು ಇರುವ ಸಾಧ್ಯತೆಯಿದೆ. ನಮ್ಮ ಕಡೆಯ ವಿದ್ಯುತ್ ಕಂಪನಿ ಚೆಸ್ಕಾಂಗೆ ತಿಳಿಸಿ.

ಸಲಿಕೆಯ ಕೆಲಸ ಮೊದಲು

ಎಂಜಿನ್ ಇನ್ನೂ ಓಡುತ್ತಿದ್ದರೆ ಅದರ ಕೆಳಗೆ ತಗಡಿನ ತಟ್ಟೆ ಇಡಿ. ಆಯಿಲ್ ಬದಲಿಸಿದಾಗ ಕ್ಯಾನಿನಲ್ಲಿ ಹಿಡಿದಿಟ್ಟು, ಮಂಡಳಿಯ ಅನುಮತಿ ಇರುವ ಮರುಸಂಸ್ಕರಣಾ ಘಟಕಗಳಿಗೆ ತಲುಪಿಸುವವರಿಗೆ ಕೊಡಿ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳಲ್ಲಿ ಬಳಸಿದ ಎಣ್ಣೆಯೂ ಸೇರಿದೆ.

ನೆಲದ ಮೇಲೆ ಇನ್ನೂ ಹಸಿಯಾಗಿ ಮಿನುಗುವ ಎಣ್ಣೆ ಇದ್ದರೆ ಅದರ ಮೇಲೆ ಭತ್ತದ ಹೊಟ್ಟು, ಮರದ ಪುಡಿ, ತೆಂಗಿನ ನಾರಿನ ಪುಡಿ ಇಲ್ಲವೇ ಒಣಗಿದ ಕಬ್ಬಿನ ಸಿಪ್ಪೆ ದಪ್ಪಗೆ ಹರಡಿ ಒಂದು ದಿನ ಬಿಡಿ. ಹೀರಿದ್ದನ್ನು ಬಳಿದು ಚೀಲಕ್ಕೆ ತುಂಬಿ, ಸುಟ್ಟ ಆಯಿಲ್ ಜೊತೆಗೇ ವಿಲೇವಾರಿ ಮಾಡಿ. ಎಣ್ಣೆ ಹೀರಿದ ಸಿಪ್ಪೆಯನ್ನು ಕೊಪ್ಪರಿಗೆಯ ಒಲೆಗೆ ತಳ್ಳುವ ಆಸೆ ಬಂದೇ ಬರುತ್ತದೆ, ಚೆನ್ನಾಗಿ ಉರಿಯುತ್ತದಲ್ಲ! ಆ ಹೊಗೆ ಕೂಲಿಯವರ ಎದೆಗೂ ಬೆಲ್ಲಕ್ಕೂ ಇಳಿಯುತ್ತದೆ. ಬೇಡ.

ಸೋಪಿನ ಪುಡಿ ಹಾಕಿ ತೊಳೆಯುವುದು ಇನ್ನೊಂದು ಕೆಟ್ಟ ಉಪಾಯ. ಮೇಲಿನ ಮಣ್ಣು ತಿಳಿಯಾಗಿ ಕಾಣುತ್ತದೆ, ಎಣ್ಣೆ ನೀರಿನೊಂದಿಗೆ ಬೆರೆತು ಕೆಳಗಿಳಿಯುತ್ತದೆ.

ಆಮೇಲೆ ಬದು. ಜಾಗದ ಮೇಲ್ಭಾಗದಲ್ಲಿ ಹೊರಗಿನ ನೀರು ಒಳಗೆ ನುಗ್ಗದಂತೆ ಒಂದು, ಕೆಳಭಾಗದಲ್ಲಿ ಎಣ್ಣೆ ನೀರು ಗದ್ದೆಗೋ ನಾಲೆಗೋ ಹೋಗದಂತೆ ಇನ್ನೊಂದು. ದನ, ಕುರಿ ಬಾರದಂತೆ ಮುಳ್ಳು ಬೇಲಿ. ಕೆಲಸ ಮಾಡುವಾಗ ರಬ್ಬರ್ ಕೈಗವಸು, ಕಾಲಿಗೆ ಬೂಟು.

ಮಣ್ಣಿಗೆ ಊಟ

ಎಣ್ಣೆ ಎಂದರೆ ಬಹುತೇಕ ಇಂಗಾಲವೇ. ಬ್ಯಾಕ್ಟೀರಿಯಾಗಳಿಗೆ ಇಂಗಾಲ ಯಥೇಚ್ಛ ಸಿಕ್ಕಿತು, ಸಾರಜನಕ, ರಂಜಕ ಸಿಗಲಿಲ್ಲ. ಇರುವ ಚೂರುಪಾರು ಸಾರಜನಕವನ್ನು ಅವೇ ನುಂಗಿಬಿಡುತ್ತವೆ. ಎಣ್ಣೆ ನೆಲದಲ್ಲಿ ಹುಟ್ಟಿದ ಪೈರು ಹಳದಿಯಾಗುವುದಕ್ಕೆ ವಿಷದಷ್ಟೇ ಈ ಹಸಿವೂ ಕಾರಣ.

ಪುಸ್ತಕದ ಲೆಕ್ಕ ಹೀಗಿದೆ: 100 ಭಾಗ ಇಂಗಾಲಕ್ಕೆ 10 ಭಾಗ ಸಾರಜನಕ, 1 ಭಾಗ ರಂಜಕ. ಅರ್ಧ ಗುಂಟೆ, ಎಂದರೆ ಸುಮಾರು 50 ಚದರ ಮೀಟರ್ ಜಾಗದಲ್ಲಿ ಅರ್ಧ ಅಡಿ ಆಳದ ಮಣ್ಣು ಸುಮಾರು 10 ಟನ್ ತೂಗುತ್ತದೆ. ಅದರಲ್ಲಿ ನೂರಕ್ಕೆ ಒಂದು ಭಾಗ ಎಣ್ಣೆಯಿದ್ದರೆ 100 ಕಿಲೋ ಎಣ್ಣೆ, ಅದರಲ್ಲಿ ಸುಮಾರು 85 ಕಿಲೋ ಇಂಗಾಲ. ಅದಕ್ಕೆ ಬೇಕಾದ ಸಾರಜನಕ ಎಂಟೂವರೆ ಕಿಲೋ, ಯೂರಿಯಾದಲ್ಲಿ ಹೇಳುವುದಾದರೆ 18 ಕಿಲೋ. ಇದನ್ನು ಒಂದೇ ಸಲ ಸುರಿದರೆ ಜೀವಿಗಳೂ ಸಾಯುತ್ತವೆ, ಹುಲ್ಲೂ ಸುಟ್ಟುಹೋಗುತ್ತದೆ. ನನ್ನ ಸಲಹೆ, ಲೆಕ್ಕದ ಅರ್ಧದಷ್ಟು ಯೂರಿಯಾ ಸಾಕು. ಅದನ್ನೂ ಒಂದೊಂದು ಕಿಲೋದಂತೆ ಮೂರು ನಾಲ್ಕು ವಾರಕ್ಕೊಮ್ಮೆ, ತೇವ ಇದ್ದಾಗ ಕೊಡಿ. ಉಳಿದದ್ದನ್ನು ಗೊಬ್ಬರ ನಿಧಾನವಾಗಿ ತುಂಬಿಕೊಡುತ್ತದೆ.

ನಾಲ್ಕು ಭಾಗ ಮಣ್ಣಿಗೆ ಒಂದು ಭಾಗ ಚೆನ್ನಾಗಿ ಕಳಿತ ಗೊಬ್ಬರ ಬೆರೆಸಿ. ಅರ್ಧ ಗುಂಟೆಗೆ ಸುಮಾರು ಎರಡು ಘನ ಮೀಟರ್ ಬೇಕಾಗುತ್ತದೆ. ಕೊಟ್ಟಿಗೆ ಗೊಬ್ಬರವಾದೀತು, ಕುರಿ ಗೊಬ್ಬರ ಇನ್ನೂ ಮೇಲು. ಸಕ್ಕರೆ ಕಾರ್ಖಾನೆಯ ಪ್ರೆಸ್‌ಮಡ್ (ಕಬ್ಬಿನ ರಸ ಸೋಸಿದಾಗ ಉಳಿಯುವ ಮಡ್ಡಿ) ಮಂಡ್ಯದವರಿಗೆ ಸಿಗುವ ಭಾಗ್ಯ, ರಂಜಕ ಅದರಲ್ಲಿ ಚೆನ್ನಾಗಿರುತ್ತದೆ. ಆದರೆ ಕಾರ್ಖಾನೆಯಿಂದ ಬಂದ ಬಿಸಿಬಿಸಿ ಪ್ರೆಸ್‌ಮಡ್ ಬೇಡ, ಕೊಳೆತು ಆರಿದ್ದನ್ನು ಹಾಕಬೇಕು.

ಬೆರೆಸಿದ ಮೇಲೆ ಹದಿನೈದು ದಿನಕ್ಕೊಮ್ಮೆ ಗುದ್ದಲಿಯಿಂದ ಮೇಲೆ ಕೆಳಗೆ ಮಾಡಿ. ತೇವದ ಹದಕ್ಕೆ ಮುಷ್ಟಿಯೇ ಅಳತೆ: ಹಿಂಡಿದರೆ ಉಂಡೆ ಕಟ್ಟಬೇಕು, ನೀರು ಒಸರಬಾರದು. ಇಲ್ಲಿ ನಮ್ಮ ಕಡೆಯವರಿಗೆ ಒಂದು ಮಾತು ಒತ್ತಿ ಹೇಳಬೇಕು. ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯಲ್ಲಿ ನೀರು ಬಿಟ್ಟ ಕೂಡಲೇ ಕಂಡ ಜಾಗಕ್ಕೆಲ್ಲ ಹಾಯಿಸಿಬಿಡುವುದು ನಮ್ಮ ಅಭ್ಯಾಸ. ಎಣ್ಣೆ ಮಣ್ಣಿಗೆ ನೀರು ನಿಲ್ಲಿಸಿದರೆ ಕೆಲಸ ಅಲ್ಲಿಗೇ ನಿಂತಿತು. ಎಣ್ಣೆಯನ್ನು ಬೇಗ ಒಡೆಯುವ ಜೀವಿಗಳಿಗೆ ಆಮ್ಲಜನಕ ಬೇಕು, ನಿಂತ ನೀರಿನಡಿ ಅದು ಇರುವುದಿಲ್ಲ. ಹಾಗಾಗಿ ಗದ್ದೆಯ ಮಡಿ ಬೇಡ, ಏರುಮಡಿ ಮಾಡಿ ಚಿಮುಕಿಸಿ ನೀರು ಕೊಡಿ.

ಏನು ನೆಡಬೇಕು, ಯಾವಾಗ

ಮಂಡ್ಯದಲ್ಲಿ ವರ್ಷಕ್ಕೆ ಸುಮಾರು 700 ಮಿಲಿಮೀಟರ್ ಮಳೆ, ಅದರಲ್ಲಿ ಜೋರು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಏಪ್ರಿಲ್, ಮೇ ತಿಂಗಳಲ್ಲಿ ಗೊಬ್ಬರ ಬೆರೆಸಿ ತಿರುವಿ, ಜೂನ್‌ನಲ್ಲಿ ನಾಟಿ ಮಾಡಿದರೆ ಜೋರು ಮಳೆಯ ಹೊತ್ತಿಗೆ ಬೇರು ಮಣ್ಣನ್ನು ಹಿಡಿದಿರುತ್ತದೆ.

ನನ್ನ ಮೊದಲ ಆಯ್ಕೆ ಲಾವಂಚ. ಅದರ ಬೇರು ಅಡ್ಡ ಹರಡದೆ ನೇರ ಕೆಳಗಿಳಿಯುತ್ತದೆ, ಸಡಿಲ ಮಣ್ಣಿನಲ್ಲಿ ಮೂರು ಮೀಟರ್‌ವರೆಗೂ ಹೋಗಬಲ್ಲದು. ಬರ, ಜವುಳು ಎರಡನ್ನೂ ತಡೆದುಕೊಳ್ಳುತ್ತದೆ. ಇದು ನಮಗೆ ಪರದೇಶದ ಗಿಡವಲ್ಲ. 1980ರ ದಶಕದಲ್ಲಿ ಮಣ್ಣಿನ ಸವಕಳಿಗೆ ಮದ್ದು ಹುಡುಕುತ್ತಿದ್ದ ವಿಶ್ವಬ್ಯಾಂಕಿನ ತಜ್ಞರಿಗೆ, ಆಗ ಮೈಸೂರು ಜಿಲ್ಲೆಯಲ್ಲಿದ್ದ ಗುಂಡ್ಲುಪೇಟೆಯ ರೈತರು ತಲೆಮಾರುಗಳಿಂದ ಹೊಲದ ಬದುಗಳಲ್ಲಿ ಲಾವಂಚ ಬೆಳೆಸುತ್ತಿದ್ದುದು ದೊಡ್ಡ ಉದಾಹರಣೆಯಾಗಿ ಸಿಕ್ಕಿತು. ಕೆಳಬದುವಿನ ಉದ್ದಕ್ಕೂ ಅರ್ಧ ಅಡಿಗೊಂದರಂತೆ ಸಾಲಾಗಿ, ಒಳಗೆ ಒಂದಡಿಗೊಂದರಂತೆ ಬುಡಸಹಿತ ಕಿತ್ತ ತುಂಡುಗಳನ್ನು ನೆಡಿ. ಎಲೆಯನ್ನು ಗೇಣುದ್ದ ಬಿಟ್ಟು ಕತ್ತರಿಸಿ ನೆಟ್ಟರೆ ಬೇಗ ಚಿಗುರುತ್ತದೆ.

ಸಾಲುಗಳ ನಡುವೆ ಗರಿಕೆ. ಗರಿಕೆಯ ದಟ್ಟ ಬೇರಿನ ಬಲೆ ಮೇಲಿನ ಅರ್ಧ ಅಡಿಯನ್ನು ಪೂರಾ ತುಂಬುತ್ತದೆ, ಎಣ್ಣೆಯ ಬಹುಪಾಲು ಇರುವುದೂ ಅಲ್ಲೇ. ಜಾಗದ ಅಂಚಿನಲ್ಲಿ, ಎಣ್ಣೆಯನ್ನು ತಡೆದುಕೊಂಡು ಈಗಾಗಲೇ ಬೆಳೆದಿರುವ ಗರಿಕೆ ಸಿಕ್ಕರೆ ಅದನ್ನೇ ತಂದು ಹಚ್ಚಿ. ದುಡ್ಡು ಕೊಟ್ಟು ತರುವ ಹುಲ್ಲಿಗಿಂತ ಅದು ಗಟ್ಟಿ. ಮೊದಲ ಮಳೆಗೆ ಅಪ್ಸೆಣಬು ಇಲ್ಲವೇ ಅಲಸಂದೆ ಚೆಲ್ಲಿ, ಹೂವಿಗೆ ಬಂದಾಗ ಕತ್ತರಿಸಿ ಅಲ್ಲೇ ಸೇರಿಸಿದರೆ ಗಾಳಿಯ ಸಾರಜನಕ ಪುಕ್ಕಟೆ ಸಿಗುತ್ತದೆ. ಗಿನಿ ಹುಲ್ಲು, ನೇಪಿಯರ್, ಜೋಳಗಳೂ ಈ ಕೆಲಸಕ್ಕೆ ಬರುತ್ತವೆ. ಆದರೂ ನಾನು ಅವನ್ನು ಹೇಳುವುದಿಲ್ಲ. ಬೇಸಗೆಯಲ್ಲಿ ಹಸಿರು ಮೇವು ಕಣ್ಣಿಗೆ ಬಿದ್ದರೆ ಯಾರಾದರೂ ಕೊಯ್ದು ಹಸುವಿಗೆ ಹಾಕಿಯೇ ಹಾಕುತ್ತಾರೆ. ಎಲೆಗೆ ಅಂಟಿದ ಎಣ್ಣೆ ದೂಳು, ಸೀಸ ಹಾಲಿಗೆ ಹೋಗುವುದು ಬೇಡ. ಅದೇ ಕಾರಣಕ್ಕೆ ಸೊಪ್ಪು, ಮೂಲಂಗಿ, ಕ್ಯಾರೆಟ್, ಗೆಣಸುಗಳ ಹೆಸರೂ ಎತ್ತಬೇಡಿ.

ಲಾವಂಚದ ಬೇರನ್ನು ಕುಡಿಯುವ ನೀರಿನ ಮಡಕೆಗೆ ಹಾಕುವ ಮನೆಗಳು ಬೇಕಾದಷ್ಟಿವೆ. ಈ ಜಾಗದ ಬೇರು ಆ ಕೆಲಸಕ್ಕೂ ಇಲ್ಲ, ಮಾರಾಟಕ್ಕೂ ಇಲ್ಲ. ಮನೆಯವರೆಲ್ಲರಿಗೂ ಮೊದಲೇ ಹೇಳಿಡಿ.

ಆಮೇಲಿನ ಆರೈಕೆ

ಹುಲ್ಲು ಮೊಣಕಾಲೆತ್ತರ ಬಂದಾಗ ಕತ್ತರಿಸಿ ಅಲ್ಲೇ ಹೊದಿಸಿ. ಕತ್ತರಿಸಿದಾಗ ಸ್ವಲ್ಪ ಬೇರು ಸಾಯುತ್ತದೆ, ಸತ್ತ ಬೇರಿನ ಕೊಳವೆಯಲ್ಲಿ ಗಾಳಿ ಇಳಿಯುತ್ತದೆ. ಬೇಸಗೆಯಲ್ಲಿ ವಾರಕ್ಕೆರಡು ಸಲ ನೀರು ಸಾಕು. ಹಳದಿ ಕಂಡರೆ ಯೂರಿಯಾದ ಸರದಿ. ಹುಲ್ಲು ಹಿಡಿಯದ ಬೋಳು ತೇಪೆಗಳು ಉಳಿದರೆ ಅಲ್ಲಿ ಮತ್ತೆ ಗೊಬ್ಬರ ಬೆರೆಸಿ ತಿರುವಿ, ಪಕ್ಕದ ಬುಡವನ್ನೇ ಒಡೆದು ನೆಡಿ. ಕಾಂಗ್ರೆಸ್ ಗಿಡ ಹುಟ್ಟಿತೆಂದು ನೆಲ ಶುದ್ಧವಾಯಿತು ಎಂದುಕೊಳ್ಳಬೇಡಿ. ಅದು ಎಲ್ಲಿ ಬೇಕಾದರೂ ಹುಟ್ಟುತ್ತದೆ.

ಮೂರು ತಿಂಗಳಿಗೊಮ್ಮೆ ಸೀಸೆಯ ಪರೀಕ್ಷೆ, ಆರು ತಿಂಗಳಿಗೊಮ್ಮೆ ಕಾಳಿನ ಪರೀಕ್ಷೆ. ಅದೇ ಜಾಗದಿಂದ, ಅದೇ ಆಳದಿಂದ ಮಣ್ಣು ತೆಗೆಯಿರಿ. ಇಲ್ಲದಿದ್ದರೆ ಹೋಲಿಕೆಗೆ ಅರ್ಥವಿಲ್ಲ. ಮೊದಲ ಕೆಲವು ತಿಂಗಳು ಇಳಿಕೆ ಚುರುಕಾಗಿ ಕಾಣುತ್ತದೆ, ಆಮೇಲೆ ನಿಧಾನವಾಗುತ್ತದೆ. ಹಗುರ ಭಾಗವನ್ನು ಮೊದಲು ತಿಂದು ಮುಗಿಸುವ ಜೀವಿಗಳಿಗೆ ಉಳಿಯುವುದು ಜೇಡಿ ಕಣಕ್ಕೆ ಅಂಟಿಕೊಂಡ ಭಾರದ ಭಾಗ. ಆಗ ಮದ್ದು ಕೆಲಸ ಮಾಡುತ್ತಿಲ್ಲವೆಂದು ಕೈಬಿಡುವವರೇ ಹೆಚ್ಚು. ಡೀಸೆಲ್ ಆದರೆ ಎರಡು ಮಳೆಗಾಲ ಎಂದು ಮನಸ್ಸಿನಲ್ಲಿಟ್ಟುಕೊಳ್ಳಿ. ಸುಟ್ಟ ಆಯಿಲ್ ಆದರೆ ಅದಕ್ಕಿಂತ ಬಹಳ ಹೆಚ್ಚು, ಕೊನೆಯ ಒಂದು ಪಾಲು ಉಳಿದೇ ಉಳಿಯುತ್ತದೆ.

ಎರಡೂ ಕುಂಡದಲ್ಲಿ ಮೊಳಕೆ, ಬೇರು ಒಂದೇ ಸಮ ಬಂದು, ಸೀಸೆಯಲ್ಲಿ ಪದರ ಕಾಣದೆ, ಅರ್ಧ ಅಡಿ ಕೆಳಗೂ ವಾಸನೆ ಇಲ್ಲದಿದ್ದರೆ ಆಗ ಪ್ರಯೋಗಾಲಯಕ್ಕೆ ದುಡ್ಡು ಖರ್ಚು ಮಾಡಿ. ಐದಾರು ಕಡೆಯ ಮಣ್ಣು ಬೆರೆಸಿ ಗಾಜಿನ ಸೀಸೆಯಲ್ಲಿ ಕಳುಹಿಸಿ, ಪ್ಲಾಸ್ಟಿಕ್ ಚೀಲ ಬೇಡ. ಎಣ್ಣೆಯ ಜೊತೆ ಸೀಸ, ಸತು, ಕ್ಯಾಡ್ಮಿಯಂ ಮೂರನ್ನೂ ನೋಡಲು ಹೇಳಿ. ಎಣ್ಣೆ ಇಳಿದು ಲೋಹ ಉಳಿದಿದ್ದರೆ ಆ ಜಾಗ ಹೊಂಗೆಗೋ ಸಿಲ್ವರ್ ಓಕ್‌ಗೋ ಇರಲಿ. ಎರಡೂ ಇಳಿದಿದ್ದರೆ ವರದಿ ಹಿಡಿದು ಮಂಡ್ಯದ ವಿ.ಸಿ. ಫಾರ್ಮಿನ ಕೃಷಿ ಸಂಶೋಧನಾ ಕೇಂದ್ರದಲ್ಲಿ ಯಾವ ಬೆಳೆ ಇಡಬಹುದೆಂದು ಕೇಳಿ. ಸೊಪ್ಪು ತರಕಾರಿಯ ಸರದಿ ಎಲ್ಲಕ್ಕಿಂತ ಕೊನೆಗೆ.